ಗಡಿಗೋಪುರ ದಾಟಿದ ಕನ್ನಡ

ಚಿಕ್ಕಪೇಟೆಗೆ ಹೋದವರು ಸೀರೆ ನೋಡ್ತಾರೆ, ಚಿನ್ನ ನೋಡ್ತಾರೆ, ಪಾರ್ಕಿಂಗ್ ಎಲ್ಲಿ ಅಂತ ಹುಡುಕ್ತಾರೆ. ಕಾಲ ಕೆಳಗಿನ ಚರಿತ್ರೆ ನೋಡೋಕೆ ಪುರುಸೊತ್ತು ಯಾರಿಗಿದೆ? 1537ರಲ್ಲಿ ಕೆಂಪೇಗೌಡರು ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಈ ಜಾಗದಿಂದಲೇ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಊರಿನ ಗೆರೆ ಎಳೆಸಿದರು ಅಂತ ಹಿರಿಯರು ಹೇಳುತ್ತ ಬಂದಿದ್ದಾರೆ. ಮುಂದೆ ಗಡಿಗೋಪುರಗಳು ಎದ್ದವು. ಲಾಲ್‌ಬಾಗ್ ಬಂಡೆ, ಕೆಂಪಾಂಬುಧಿ ಕೆರೆ, ಹಲಸೂರು ಕೆರೆ, ಮೇಖ್ರಿ ವೃತ್ತದ ಬಳಿ ಅವು ಇವತ್ತೂ ಇವೆ. ಊರು ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು. ಇವತ್ತು ಆ ಗೋಪುರಗಳೇ ಊರ ನಡುವೆ ಸಿಕ್ಕಿಕೊಂಡಿವೆ!

ವೀಕ್ಷಕರೇ, ಸೂರ್ಯನಿಗೂ ಇಂಥದ್ದೊಂದು ಗಡಿ ಇದೆ. ಸೂರ್ಯನಿಂದ ಸದಾ ಹೊರಬೀಸುವ ಕಣಗಳ ಗಾಳಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದಾಚೆ ನಕ್ಷತ್ರಗಳ ನಡುವಿನ ಬಯಲು. ಮನುಷ್ಯ ಮಾಡಿದ ವಸ್ತು ಆ ಗಡಿಯನ್ನು ಮೊದಲು ದಾಟಿದ್ದು 2012ರ ಆಗಸ್ಟ್ 25ರಂದು. ಅದರ ಹೆಸರು ವಾಯೇಜರ್-1. ನಮ್ಮಿಂದ ಸುಮಾರು 1,800 ಕೋಟಿ ಕಿಲೋಮೀಟರ್ ದೂರದಲ್ಲಿ. 2018ರ ನವೆಂಬರ್ 5ರಂದು ವಾಯೇಜರ್-2 ಕೂಡ ದಾಟಿತು.

ಎರಡೂ ಹೊರಟದ್ದು 1977ರಲ್ಲಿ. ಸುಮಾರು 175 ವರ್ಷಕ್ಕೊಮ್ಮೆ ದೂರದ ಗ್ರಹಗಳು ಒಂದು ಹದಕ್ಕೆ ಬರುತ್ತವೆ. ಆಗ ಒಂದು ಗ್ರಹದ ಸೆಳೆತವನ್ನೇ ಬಳಸಿಕೊಂಡು ಇನ್ನೊಂದಕ್ಕೆ ಜಿಗಿಯಬಹುದು. ಒಪ್ಪಿಗೆ ಸಿಕ್ಕಿದ್ದು ಗುರು, ಶನಿ ಗ್ರಹಗಳಿಗೆ ಮಾತ್ರ. ಐದು ವರ್ಷ ಬಾಳಿದರೆ ಸಾಕು ಅನ್ನೋ ಲೆಕ್ಕ. ಅವು ಇನ್ನೂ ಮಾತಾಡುತ್ತಿವೆ.

ಹಾಗಾದರೆ ಖರ್ಚು? 1989ರಲ್ಲಿ ನೆಪ್ಚೂನ್ ಭೇಟಿಯವರೆಗೆ 86.5 ಕೋಟಿ ಡಾಲರ್. 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು' ಅಂತ ನೀವು ಕೇಳಬಹುದು. ಕೇಳಲೇಬೇಕು. ತೆರಿಗೆ ಕಟ್ಟುವವರಿಗೆ ಆ ಹಕ್ಕಿದೆ. ಸಿಕ್ಕಿದ್ದೇನು ಅಂತಲೂ ನೋಡೋಣ. ಭೂಮಿಯಾಚೆ ಜೀವಂತ ಜ್ವಾಲಾಮುಖಿ ಇದೆ ಅಂತ ಮೊದಲು ಗೊತ್ತಾಗಿದ್ದು ವಾಯೇಜರ್‌ನಿಂದ. ಗುರುವಿನ ಚಂದ್ರ ಅಯೋದಲ್ಲಿ, 1979ರಲ್ಲಿ. ಯುರೇನಸ್, ನೆಪ್ಚೂನ್ ಹತ್ತಿರಕ್ಕೆ ಇವತ್ತಿನವರೆಗೂ ಬೇರೆ ಯಾವ ನೌಕೆಯೂ ಹೋಗಿಲ್ಲ. ನಕ್ಷತ್ರಲೋಕದಿಂದ ನುಗ್ಗುವ ವಿಕಿರಣದ ಹೆಚ್ಚಿನ ಪಾಲನ್ನು ಸೂರ್ಯನ ಗಾಳಿಯೇ ಕೊಡೆ ಹಿಡಿದಂತೆ ತಡೆಯುತ್ತದೆ ಅನ್ನೋದನ್ನ ಗಡಿಯಾಚೆ ನಿಂತು ಅಳೆದು ಹೇಳಿದ್ದೂ ಇವೇ. ಮನೆಯ ಛಾವಣಿ ಎಷ್ಟು ಗಟ್ಟಿ ಅಂತ ಒಳಗೆ ಕೂತು ಹೇಳೋಕಾಗಲ್ಲ ಸ್ವಾಮಿ, ಒಮ್ಮೆ ಹೊರಗೆ ಬಂದು ನೋಡಬೇಕು.

2023ರ ನವೆಂಬರ್‌ನಲ್ಲಿ ವಾಯೇಜರ್-1 ಅರ್ಥವಿಲ್ಲದ್ದನ್ನು ಕಳಿಸತೊಡಗಿತು. ಒಂದು ಚಿಪ್ ಕೆಟ್ಟಿತ್ತು. ನಮ್ಮ ಎಸ್.ಪಿ. ರೋಡಿನಲ್ಲಾಗಿದ್ದರೆ ಮುಚ್ಚಳ ಬಿಚ್ಚಿ ಬದಲಾಯಿಸುತ್ತಿದ್ದರು. ಅಲ್ಲಿಗೆ ಕೈ ಎಟುಕಬೇಕಲ್ಲ! ಒಂದು ಪ್ರಶ್ನೆ ಕೇಳಿ ಉತ್ತರ ಬರೋಕೆ ಸುಮಾರು 45 ಗಂಟೆ. ಆದರೂ ಎಂಜಿನಿಯರುಗಳು ಆ ಚಿಪ್‌ನಲ್ಲಿದ್ದ ಪ್ರೋಗ್ರಾಂ ಅನ್ನು ಬೇರೆ ಜಾಗಕ್ಕೆ ಹಂಚಿ, 2024ರ ಏಪ್ರಿಲ್‌ನಲ್ಲಿ ಅದಕ್ಕೆ ಮತ್ತೆ ಮಾತು ತರಿಸಿದರು. ಅರ್ಧ ಶತಮಾನದ ಹಳೆಯ ಯಂತ್ರಕ್ಕೆ!

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಎರಡೂ ನೌಕೆಗಳಲ್ಲಿ ಹನ್ನೆರಡು ಅಂಗುಲದ ಒಂದೊಂದು ಗ್ರಾಮಫೋನ್ ತಟ್ಟೆ ಇದೆ. ತಾಮ್ರದ್ದು, ಮೇಲೆ ಚಿನ್ನದ ಲೇಪ. ಕಾರ್ಲ್ ಸೇಗನ್ ನೇತೃತ್ವದ ತಂಡ ಅದರಲ್ಲಿ 55 ಭಾಷೆಗಳ ಶುಭಾಶಯ ಸೇರಿಸಿತು. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭ ಕೋರುವ ಒಂದು ಪುಟ್ಟ ವಾಕ್ಯ, ಕೆಲವೇ ಸೆಕೆಂಡು. ಚಿಕ್ಕಪೇಟೆಯಲ್ಲಿ ಚಿನ್ನಕ್ಕೆ ಗ್ರಾಂ ಲೆಕ್ಕ. ಈ ಚಿನ್ನಕ್ಕೆ ಬೆಲೆ ಕಟ್ಟುವವರು ಯಾರು? ಅದನ್ನ ಯಾರಾದರೂ ಕೇಳ್ತಾರಾ? ಬಹುಶಃ ಇಲ್ಲ. ವಾಯೇಜರ್-1 ಇನ್ನೊಂದು ನಕ್ಷತ್ರದ ಹತ್ತಿರ ಹಾಯೋಕೆ ಸುಮಾರು 40,000 ವರ್ಷ ಬೇಕು. ಅದೂ ಒಂದೂವರೆ ಜ್ಯೋತಿರ್ವರ್ಷಕ್ಕೂ ಹೆಚ್ಚು ದೂರದಿಂದ.

ಮತ್ತೆ ಯಾಕೆ? ಬೇಗೂರಿಗೆ ಬನ್ನಿ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 900ರ ಒಂದು ವೀರಗಲ್ಲಿನ ಶಾಸನವಿದೆ. ಅದರಲ್ಲಿ ಬೆಂಗಳೂರು ಕಾಳಗದ ಪ್ರಸ್ತಾಪವಿದೆ. ಆ ಕಲ್ಲು ಇರದಿದ್ದರೆ ನಾವಿನ್ನೂ ಬೆಂದಕಾಳೂರಿನ ಕಥೆಯನ್ನೇ ಚರಿತ್ರೆ ಅಂತ ನಂಬಿಕೊಂಡಿರುತ್ತಿದ್ದೆವು. ಕೆಂಪೇಗೌಡರಿಗಿಂತ ಆರುನೂರು ವರ್ಷ ಮೊದಲೇ ಈ ಹೆಸರಿತ್ತು ಅನ್ನೋದು ಗೊತ್ತೇ ಆಗುತ್ತಿರಲಿಲ್ಲ. ಅದನ್ನು ಕೆತ್ತಿದವನಿಗೆ ನಮ್ಮ ಪರಿಚಯ ಇರಲಿಲ್ಲ, ಲಾಭವೂ ಇರಲಿಲ್ಲ. ಸತ್ತವನ ನೆನಪು ಉಳಿಯಲಿ ಅಂತ ಕೆತ್ತಿದ, ಅಷ್ಟೆ.

ನಮ್ಮ ಬ್ರೇಕಿಂಗ್ ನ್ಯೂಸ್‌ನ ಆಯಸ್ಸು ಅರ್ಧ ಗಂಟೆ, ಸರ್ಕಾರಗಳ ಲೆಕ್ಕಾಚಾರ ಮುಂದಿನ ಚುನಾವಣೆಯವರೆಗೆ. ನಾವು ಸತ್ತ ಮೇಲೂ ನಡೆಯುವ ಕೆಲಸವನ್ನು ಮಾಡುವವರು ಯಾರು? ಇಲ್ಲೇ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ಇದೆ. ಮಂಗಳಯಾನದ ಜೊತೆ ಮಾತಾಡಿದ್ದು ಅದು. ಸೂರ್ಯನ ಗಡಿಯತ್ತ ಭಾರತದ ನೌಕೆ ಇನ್ನೂ ಹೊರಟಿಲ್ಲ. ಹೊರಡಿಸೋಣ ಅಂತ ನಾಳೆ ಯಾರಾದರೂ ಕಡತ ಹಿಡಿದು ಬಂದರೆ, ಖರ್ಚಿನ ಪ್ರಶ್ನೆ ಖಂಡಿತ ಕೇಳಿ. ಕೇಳುವ ಮುಂಚೆ ಒಂದು ಭಾನುವಾರ ಬೇಗೂರಿಗೆ ಹೋಗಿ, ಆ ಕಲ್ಲಿನ ಮುಂದೆ ಐದು ನಿಮಿಷ ನಿಂತು ಬನ್ನಿ.