ಸಂತೆಯಿಂದ ಸೂಪರ್‌ಮಾರುಕಟ್ಟೆಗೆ: ಅಳುವ ಮಗುವಿನ ಹಿಂದಿನ ಚರಿತ್ರೆ

ತಿಂಗಳ ದಿನಸಿಗೆಂದು ಸೂಪರ್‌ಮಾರುಕಟ್ಟೆಗೆ ಹೋದಾಗ ಎರಡು-ಮೂರು ವರ್ಷದ ಮಗುವೊಂದು ಚಾಕಲೇಟಿಗಾಗಿ ನೆಲದ ಮೇಲೆ ಹೊರಳಿ ಅಳುವುದನ್ನು ತಾವು ಕಂಡಿರಬಹುದು. ಆ ಮಗು ತಮ್ಮದೇ ಆಗಿದ್ದರೆ ಸಂಕಟ ಎಂಥದೆಂಬುದು ತಮಗೇ ಗೊತ್ತು. ಸುತ್ತಲಿನವರ ನೋಟಕ್ಕೆ ಅಂಜಿ ತಾಯಿ ಮಗುವಿಗೆ ಏಟು ಕೊಡುತ್ತಾಳೆ, ಇಲ್ಲವೇ ಕೇಳಿದ್ದನ್ನು ಕೊಡಿಸಿ ಬಾಯಿ ಮುಚ್ಚಿಸುತ್ತಾಳೆ. ‘ಈಗಿನ ಮಕ್ಕಳೇ ಹೀಗೆ, ಬೆಳೆಸುವವರು ಸರಿಯಿಲ್ಲ’ ಎಂದು ನೋಡಿದವರು ತೀರ್ಪು ನೀಡುತ್ತಾರೆ. ಈ ತೀರ್ಪು ನ್ಯಾಯವಾದುದೇ? ಚರಿತ್ರೆಯ ಕಡೆಗೊಮ್ಮೆ ತಿರುಗಿ ನೋಡೋಣ.

ಕೊಡುಕೊಳ್ಳುವಿಕೆಯ ಲೋಕಕ್ಕೆ ಮಕ್ಕಳು ಹೊಸಬರಲ್ಲ. ಹಿಂದೆ ಹೊನ್ನಾಳಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿಯ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿ ಬಂಧುಗಳಿಗೆ ಪುಣ್ಯಕ್ಷೇತ್ರ. ರೈಲು ಬರುವ ಮುನ್ನ ಅವರ ಪೂರ್ವಿಕರು ದವಸವನ್ನೂ ಉಪ್ಪನ್ನೂ ಎತ್ತುಗಳ ಮೇಲೆ ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದರು. ಸಾವಿರಾರು ಎತ್ತುಗಳ ಇಂತಹ ತಂಡಗಳು ಹೆಂಡಿರು ಮಕ್ಕಳೊಡನೆ ಸಾಗುತ್ತಿದ್ದುದನ್ನು 17ನೆಯ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ದಾಖಲಿಸಿದ್ದಾನೆ. ಆ ಮಕ್ಕಳಿಗೆ ವ್ಯಾಪಾರದ ಹಾದಿಯೇ ಮನೆಯಾಗಿತ್ತು. ಯೇಸುಸ್ವಾಮಿ ತಮ್ಮ ಕಾಲದ ಜನರನ್ನು ಪೇಟೆಯಲ್ಲಿ ಕುಳಿತು ಕೂಗಾಡುವ ಮಕ್ಕಳಿಗೆ ಹೋಲಿಸಿದ್ದನ್ನು ಶುಭಸಂದೇಶದಲ್ಲಿ ಓದುತ್ತೇವೆ. ಪೇಟೆಯ ಮಕ್ಕಳ ಗಲಾಟೆ ಕೇಳುಗರಿಗೆಲ್ಲ ಪರಿಚಿತವಾಗಿದ್ದುದರಿಂದಲೇ ಆ ಹೋಲಿಕೆ ಅವರ ಮನಸ್ಸಿಗೆ ನಾಟಿತು.

ನಮ್ಮ ಸಂತೆಗಳ ವಿಷಯವೂ ಹಾಗೆಯೇ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಹೆಸರಿನಲ್ಲೇ ಸಂತೆ ನೆಲೆನಿಂತಿದೆ. ಅಡಿಕೆಯ ಚನ್ನಗಿರಿಯಿರಲಿ, ತುಂಗಭದ್ರೆಯ ದಂಡೆಯ ಹೊನ್ನಾಳಿಯಿರಲಿ, ಮಳೆಗಾಗಿ ಮುಗಿಲು ನೋಡುವ ಜಗಳೂರಿರಲಿ, ರೈತ ಕುಟುಂಬಕ್ಕೆ ವಾರದ ಸಂತೆಯೆಂದರೆ ವ್ಯಾಪಾರವೂ ಹೌದು, ನಾಲ್ಕು ಜನರ ಭೇಟಿಯೂ ಹೌದು. ಸಂತೆಯ ಬಯಲಿನಲ್ಲಿ ಎಲ್ಲರೂ ಕೂಗುವವರೇ. ತಾಯಿಯ ಸೊಂಟದ ಮೇಲಿನ ಕೂಸು ಅತ್ತರೆ ಆ ಅಳು ಗದ್ದಲದಲ್ಲಿ ಕರಗಿಹೋಗುತ್ತಿತ್ತು. ಕಾಯಿಪಲ್ಲೆ ಮಾರುವಾಕೆ ಕೊಸರು ಹಾಕುವಾಗ ಮಗುವಿನ ಕೈಗೂ ಒಂದು ಎಳೆ ಸೌತೆಕಾಯಿ ಇಡುತ್ತಿದ್ದಳು. ಮಂಡಕ್ಕಿಯ ಪೊಟ್ಟಣ, ಬೆಂಡು-ಬತ್ತಾಸು ಉಳಿದ ಕೆಲಸ ಮಾಡುತ್ತಿದ್ದವು. ಊರಿನ ದಿನಸಿ ಅಂಗಡಿಯಲ್ಲಿ ಸಾಮಾನೆಲ್ಲ ಗಲ್ಲಾದ ಆಚೆಗಿದ್ದುದರಿಂದ ಮಗುವಿನ ಕೈಗೆ ಎಟುಕುತ್ತಿರಲಿಲ್ಲ. ಅಂಗಡಿಯ ಯಜಮಾನರು ಮಗುವನ್ನು ಹೆಸರು ಹಿಡಿದು ಮಾತನಾಡಿಸಿ ಬೆಲ್ಲದ ಚೂರೊಂದನ್ನು ಕೊಡುತ್ತಿದ್ದರು. ಎಷ್ಟೋ ಸಲ ಮಗು ಮನೆಯಲ್ಲಿ ಅಜ್ಜಿಯ ಮಡಿಲಿನಲ್ಲೇ ಉಳಿಯುತ್ತಿತ್ತು.

ಈ ಗಲ್ಲಾವನ್ನು ಮೊದಲು ಸರಿಸಿದವರಲ್ಲಿ ಒಬ್ಬ ಅಮೆರಿಕದ ಮೆಂಫಿಸ್ ನಗರದ ಕ್ಲಾರೆನ್ಸ್ ಸಾಂಡರ್ಸ್. 1916ರ ಸೆಪ್ಟೆಂಬರಿನಲ್ಲಿ ಆತ ತೆರೆದ ‘ಪಿಗ್ಲಿ ವಿಗ್ಲಿ’ ಅಂಗಡಿಯಲ್ಲಿ ಗಿರಾಕಿಗಳು ತಾವೇ ಬುಟ್ಟಿ ಹಿಡಿದು, ಎಲ್ಲ ಸಾಮಾನುಗಳ ನಡುವೆ ಹಾದು, ಕೊನೆಯಲ್ಲಿ ಹಣ ತೆರಬೇಕಿತ್ತು. 1937ರಲ್ಲಿ ಒಕ್ಲಹೋಮ ನಗರದ ಸಿಲ್ವನ್ ಗೋಲ್ಡ್‌ಮನ್ ತಳ್ಳುಗಾಡಿಯನ್ನು ತಂದಾಗ ಹೆಂಗಸರು ಅದನ್ನು ಮುಟ್ಟಲೊಲ್ಲದೆ, ಮಕ್ಕಳ ಗಾಡಿ ತಳ್ಳಿಯೇ ಸಾಕಾಗಿದೆ ಎಂದರಂತೆ! ಮುಂದೆ ಆ ಗಾಡಿಯಲ್ಲೇ ಮಗುವಿಗೂ ಆಸನ ಬಂತು. ನಮ್ಮ ದೇಶದಲ್ಲಿ 1991ರ ಆರ್ಥಿಕ ಉದಾರೀಕರಣದ ನಂತರ ಈ ಬಗೆಯ ಮಳಿಗೆಗಳು ಹೆಚ್ಚಿದವು. 2001ರಲ್ಲಿ ಆರಂಭವಾದ ಬಿಗ್ ಬಜಾರ್ 2022ರಲ್ಲಿ ಬಾಗಿಲು ಮುಚ್ಚಿದರೂ ಅದು ಕಲಿಸಿದ ರೂಢಿ ಉಳಿದುಕೊಂಡಿದೆ. ಇಂದು ನಮ್ಮ ತಾಲ್ಲೂಕುಗಳ ಕುಟುಂಬಗಳೂ ದಾವಣಗೆರೆ, ಶಿವಮೊಗ್ಗಗಳ ದೊಡ್ಡ ಮಳಿಗೆಗಳಿಗೆ ಹೋಗಿಬರುತ್ತವೆ.

ಈ ಬದಲಾವಣೆಯಲ್ಲಿ ಮಗುವಿಗೆ ಏನಾಯಿತೆಂಬುದನ್ನು ಗಮನಿಸಿ. ಸಾಮಾನು ಕೈಗೆಟುಕುವಷ್ಟು ಹತ್ತಿರ ಬಂತು. ಮಾತನಾಡಿಸುವ ಯಜಮಾನರು ದೂರವಾದರು. ಸಿಹಿತಿನಿಸುಗಳನ್ನು ಹಣ ಕಟ್ಟುವ ಸಾಲಿನ ಪಕ್ಕದಲ್ಲಿ, ಮಗುವಿನ ಕಣ್ಣಿನ ಮಟ್ಟಕ್ಕೇ ಜೋಡಿಸಿಡುವುದು ವ್ಯಾಪಾರದ ಜಾಣ್ಮೆ. ಮಗು ದಣಿದು ಬರುವುದೂ ಅಲ್ಲಿಗೇ. ಎದುರಿಗಿರುವ ವಸ್ತುವನ್ನು ಏಕೆ ಮುಟ್ಟಬಾರದೆಂಬುದು ಆ ವಯಸ್ಸಿನ ಬುದ್ಧಿಗೆ ನಿಲುಕದು. ಆದ್ದರಿಂದ ಅಳು ಮಗುವಿನ ದುಷ್ಟತನವೂ ಅಲ್ಲ, ತಾಯಿಯ ಸೋಲೂ ಅಲ್ಲ.

ಹಾಗೆಂದು ತಂದೆತಾಯಿಗಳು ಕೈಚೆಲ್ಲಬೇಕಾಗಿಲ್ಲ. ಸಂತೆ ಕಲಿಸಿದ ಪಾಠಗಳು ಇಲ್ಲಿಯೂ ನಡೆಯುತ್ತವೆ. ಹಸಿದ, ನಿದ್ದೆಗೆಟ್ಟ ಮಗುವನ್ನು ಕರೆದೊಯ್ಯಬೇಡಿ. ಮನೆಯಿಂದಲೇ ಒಂದಿಷ್ಟು ಮಂಡಕ್ಕಿ ಕಟ್ಟಿಕೊಳ್ಳಿ. ಬೇಕಾದುದನ್ನು ಮೊದಲೇ ಬರೆದುಕೊಂಡು ಬೇಗ ಮುಗಿಸಿ. ‘ಈರುಳ್ಳಿ ಎಲ್ಲಿದೆ, ಹುಡುಕು ಕಂದಾ’ ಎಂದು ಸಣ್ಣ ಕೆಲಸ ಕೊಡಿ. ಒಂದು ತಿನಿಸು ಮಾತ್ರ ಎಂದು ಹೊರಡುವಾಗಲೇ ಹೇಳಿ, ಆ ಮಾತಿಗೆ ನೀವೂ ನಿಲ್ಲಿರಿ. ಆದರೂ ಅತ್ತರೆ ಹೊಡೆಯಬೇಡಿ, ಅಳುವಿಗೆ ಮಣಿದು ಕೊಡಿಸಲೂಬೇಡಿ; ಎತ್ತಿಕೊಂಡು ಹೊರಗೆ ಬಂದು ಅಳು ತಣಿಯುವವರೆಗೆ ಜೊತೆಗಿರಿ. ಈ ಹೊಣೆ ತಾಯಿಯೊಬ್ಬಳದೇ ಅಲ್ಲ, ತಂದೆಯದೂ ಹೌದು.

ಸಾಲಿನಲ್ಲಿ ಹಿಂದೆ ನಿಂತಿರುವ ನಮಗೂ ಒಂದು ಕರ್ತವ್ಯವಿದೆ. ನಮ್ಮ ಒಂದು ಬಿರುನೋಟಕ್ಕೆ ಅಂಜಿ ಕೈಯೆತ್ತುವ ತಾಯಿಯುಂಟು. ಆ ಏಟಿನಲ್ಲಿ ನಮ್ಮ ಪಾಲೂ ಇದೆ. ಅವಳಿಗೆ ಸಾಲಿನಲ್ಲಿ ಮುಂದೆ ಜಾಗ ಬಿಡೋಣ, ಮಗುವಿನೊಡನೆ ಎರಡು ಮಾತನಾಡೋಣ. ಕೊಸರು ಹಾಕುವ ಕೈ ಸಂತೆಯಲ್ಲಿ ಮಾತ್ರ ಉಳಿಯಬೇಕೆಂದಿಲ್ಲ.