ಹೆಪ್ಪುಗಟ್ಟುವ ನೆತ್ತರು ಮತ್ತು ಅದನ್ನು ತಡೆಯುವ ಮದ್ದು

ಗಡಿನಾಡಿನ ಚರಿತ್ರೆಯೆಂದೊಡನೆ ನಮಗೆ ಬೇಕಲದ ಕೋಟೆ, ಕುಂಬಳೆಯ ಅರಸರು, ಕೆಳದಿಯ ನಾಯಕರು ನೆನಪಾಗುತ್ತಾರೆ. ಇಂಥ ಸ್ಮರಣ ಸಂಚಿಕೆಗಳಲ್ಲಿ ಅವರ ವಿಷಯವಾಗಿ ಬಲ್ಲವರು ಬರೆದುದನ್ನು ನಾವೆಲ್ಲರೂ ಆದರದಿಂದ ಓದಿದ್ದೇವೆ. ಆದರೆ ಚರಿತ್ರೆಯು ಕೋಟೆಯ ಗೋಡೆಗಳಲ್ಲಿ ಮಾತ್ರವೇ ಇರುವುದಲ್ಲ. ಮನೆಯ ಮಾಡದಲ್ಲಿರುವ ಮದ್ದಿನ ಡಬ್ಬಿಗೂ ಒಂದು ಚರಿತ್ರೆಯುಂಟು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಇಂದು ವೃದ್ಧರೊಬ್ಬರು ‘ನೆತ್ತರು ತೆಳ್ಳಗಾಗುವ ಮಾತ್ರೆ’ಯನ್ನು ಸೇವಿಸುತ್ತಿರುವರು. ಆ ಮಾತ್ರೆ ಎಲ್ಲಿಂದ ಬಂದಿತು, ಅದನ್ನು ಕಂಡುಹಿಡಿದವರಾರು, ಅದರಲ್ಲಿ ಅಮೃತವೆಷ್ಟು ವಿಷವೆಷ್ಟು ಎಂಬುದನ್ನು ಮನೆಮಂದಿಗೆ ತಿಳಿಯುವಂತೆ ಹೇಳುವುದೇ ಈ ಲೇಖನದ ಉದ್ದೇಶ.

ಕಾಯಿಸಿದ ಹಾಲಿಗೆ ಒಂದು ತೊಟ್ಟು ಮಜ್ಜಿಗೆಯನ್ನು ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಅದು ಮೊಸರಾಗುತ್ತದೆ. ನೆತ್ತರಿಗೆ ಹೆಪ್ಪನ್ನು ಹೊರಗಿನಿಂದ ಹಾಕಬೇಕಾಗಿಲ್ಲ. ಅದು ನೆತ್ತರೊಳಗೇ ಅಡಗಿದೆ. ಅಡಕೆ ಸುಲಿಯುವಾಗ ಬೆರಳಿಗೆ ಕತ್ತಿ ತಗುಲಿದರೆ ಕೆಲವು ನಿಮಿಷಗಳಲ್ಲಿ ರಕ್ತ ನಿಲ್ಲುವುದು ಆ ಗುಣದಿಂದಲೇ. ಅದಿಲ್ಲದಿದ್ದರೆ ಮನುಷ್ಯಕುಲವೇ ಉಳಿಯುತ್ತಿರಲಿಲ್ಲ. ಆದರೆ ಅದೇ ಹೆಪ್ಪು, ಗಾಯವಿಲ್ಲದ ಕಡೆ, ಕಾಲಿನ ಆಳದ ಅಭಿಧಮನಿಯಲ್ಲಿ ಕಟ್ಟಿಕೊಂಡರೆ ಕಾಲು ಬಾತು ನೋಯತೊಡಗುತ್ತದೆ. ಅದರಿಂದ ಒಂದು ತುಣುಕು ಕಳಚಿ, ಹೃದಯವನ್ನು ದಾಟಿ, ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡರೆ ಮಾತನಾಡುತ್ತಿದ್ದ ಮನುಷ್ಯನು ಕ್ಷಣದಲ್ಲಿ ಉಸಿರು ಕಟ್ಟಿ ಬೀಳಬಹುದು. ಈ ಎರಡಕ್ಕೂ ಸಂಬಂಧವಿದೆಯೆಂಬುದನ್ನು ಶವಪರೀಕ್ಷೆಗಳಿಂದಲೂ ಪ್ರಯೋಗಗಳಿಂದಲೂ ತೋರಿಸಿಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಖೋ ಎಂಬ ಪಂಡಿತರು. ಅವರ ಈ ಪ್ರಬಂಧಗಳು ೧೮೫೬ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದುವು. ನೆತ್ತರ ಹರಿವು ಮಂದವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ನೆತ್ತರೇ ಹೆಪ್ಪಿಗೆ ಹೆಚ್ಚು ಒಲಿಯುವುದು ಎಂಬ ಮೂರು ಕಾರಣಗಳನ್ನು ವೈದ್ಯರು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

ಈ ಮೂರೂ ಒಂದೆಡೆ ಕೂಡುವ ಸಂದರ್ಭಗಳಲ್ಲಿ ಬಾಣಂತಿತನವೂ ಒಂದು. ಹೆರಿಗೆಯ ತರುವಾಯ ಕಾಲು ಬೆಳ್ಳಗೆ ಬಾತುಕೊಳ್ಳುವುದನ್ನು ಯುರೋಪಿನ ಹಳೆಯ ವೈದ್ಯರು ಕಂಡಿದ್ದರು. ಎದೆಯ ಹಾಲು ಕಾಲಿಗಿಳಿಯಿತೆಂದು ನಂಬಿ ಅದಕ್ಕೆ ‘ಹಾಲುಗಾಲು’ ಎಂಬರ್ಥದ ಹೆಸರನ್ನಿಟ್ಟಿದ್ದರು. ನಮ್ಮಲ್ಲಿಯೂ ಬಾಣಂತಿಯನ್ನು ಮಂಚದಿಂದಿಳಿಯಗೊಡದೆ, ಕುಡಿಯಲು ನೀರನ್ನೂ ಅಳೆದು ಕೊಡುವ ವಾಡಿಕೆ ಕೆಲವು ಮನೆಗಳಲ್ಲಿತ್ತು. ಎಣ್ಣೆನೀರು, ಲೇಹ್ಯ, ವಿಶ್ರಾಂತಿಗಳು ಒಳ್ಳೆಯವೇ. ಹಿರಿಯರ ಪ್ರೀತಿಯನ್ನು ನಾವು ಹಳಿಯುವುದಿಲ್ಲ. ಆದರೆ ಬಾಣಂತಿಯು ಬೇಗನೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ನೀರನ್ನು ಸಾಕಷ್ಟು ಕುಡಿಯಬೇಕು ಎಂದು ಇಂದಿನ ವೈದ್ಯರು ಹೇಳುವುದಕ್ಕೆ ಕಾರಣವು ಇದೇ ಹೆಪ್ಪಿನ ಭಯ.

ಹೆಪ್ಪನ್ನು ತಡೆಯುವ ವಸ್ತುವನ್ನು ಪ್ರಕೃತಿಯು ಬಹುಕಾಲದ ಹಿಂದೆಯೇ ನಮ್ಮ ಕಾಲಬುಡದಲ್ಲಿ ಇರಿಸಿತ್ತು. ಮಳೆಗಾಲದಲ್ಲಿ ಘಟ್ಟದ ತಪ್ಪಲಿನ ತೋಟಗಳಲ್ಲಿ ನಡೆದವರಿಗೆ ಜಿಗಣೆಯ ಪರಿಚಯವನ್ನು ಹೇಳಬೇಕಾಗಿಲ್ಲ. ಅದು ಕಚ್ಚಿ ಉದುರಿದ ಮೇಲೆಯೂ ನೆತ್ತರು ಬಹಳ ಹೊತ್ತು ಜಿನುಗುತ್ತಿರುತ್ತದೆ. ಸುಶ್ರುತ ಸಂಹಿತೆಯು ಹನ್ನೆರಡು ಬಗೆಯ ಜಿಗಣೆಗಳನ್ನು ಹೇಳಿ, ಆರು ವಿಷಯುಕ್ತ, ಆರು ನಿರ್ವಿಷ ಎಂದು ವಿಂಗಡಿಸಿ, ಅವುಗಳಿಂದ ಕೆಟ್ಟ ರಕ್ತವನ್ನು ತೆಗೆಸುವ ವಿಧಾನವನ್ನು ವರ್ಣಿಸಿದೆ. ೧೮೮೪ರಲ್ಲಿ ಜಾನ್ ಹೇಕ್ರಾಫ್ಟ್ ಎಂಬ ಬ್ರಿಟಿಷ್ ವಿಜ್ಞಾನಿಯು ಜಿಗಣೆಯ ಬಾಯಿಯ ರಸದಲ್ಲಿ ಹೆಪ್ಪುರೋಧಕ ವಸ್ತುವಿದೆಯೆಂದು ತೋರಿಸಿದನು. ಅದಕ್ಕೆ ಮುಂದೆ ಹಿರುಡಿನ್ ಎಂಬ ಹೆಸರಾಯಿತು.

ಮುಂದಿನ ಹೆಜ್ಜೆಯು ೧೯೧೬ರದು. ಆ ವರ್ಷವು ಕಾಸರಗೋಡಿಗರಾದ ನಮಗೆ ಇನ್ನೊಂದು ಕಾರಣದಿಂದ ನೆನಪಿರತಕ್ಕದ್ದು. ಅಂದು ಮದ್ರಾಸ್ ಸರಕಾರದ ಆಳ್ವಿಕೆಯ ದಕ್ಷಿಣ ಕನ್ನಡಕ್ಕೆ ಸೇರಿದ್ದ ನಮ್ಮ ಊರಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರವು ಸ್ಥಾಪನೆಯಾದುದು ಅದೇ ವರ್ಷ. ಆ ಕೇಂದ್ರಕ್ಕೂ ನಮ್ಮ ಕಥೆಗೂ ಇರುವ ನಂಟನ್ನು ಮುಂದೆ ಹೇಳುವೆವು. ೧೯೧೬ರಲ್ಲಿ ಅಮೇರಿಕೆಯ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿಯು ವಿಲಿಯಂ ಹೋವೆಲ್ ಎಂಬ ಆಚಾರ್ಯರ ಕೈಕೆಳಗೆ ದುಡಿಯುತ್ತಿದ್ದನು. ಅವನಿಗೆ ಒಪ್ಪಿಸಿದ್ದುದು ನೆತ್ತರನ್ನು ಹೆಪ್ಪುಗಟ್ಟಿಸುವ ವಸ್ತುಗಳ ಪರೀಕ್ಷೆ. ಅವನಿಗೆ ದೊರೆತುದೋ ಅದಕ್ಕೆ ತದ್ವಿರುದ್ಧವಾದ, ನೆತ್ತರನ್ನು ಹೆಪ್ಪುಗಟ್ಟಗೊಡದ ವಸ್ತು. ಹೋವೆಲ್ ಅವರು ಆ ಸಂಶೋಧನೆಯನ್ನು ಮುಂದುವರಿಸಿ, ಯಕೃತ್ತಿಗೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನಿಂದ ೧೯೧೮ರಲ್ಲಿ ‘ಹೆಪಾರಿನ್’ ಎಂಬ ಪದವನ್ನು ರೂಪಿಸಿದರು. ಕೆನಡಾದ ಟೊರಾಂಟೊ ನಗರದಲ್ಲಿ, ಇನ್ಸುಲಿನ್ನಿನ ಶೋಧದಲ್ಲಿ ಭಾಗಿಯಾಗಿದ್ದ ಚಾರ್ಲ್ಸ್ ಬೆಸ್ಟ್ ಮತ್ತು ಸಂಗಡಿಗರು ಅದನ್ನು ಶುದ್ಧಗೊಳಿಸಿದ ಬಳಿಕ, ೧೯೩೫ರ ಸುಮಾರಿಗೆ ಅದು ರೋಗಿಗಳ ಮೈ ಸೇರತೊಡಗಿತು. ಈಗ ಹಂದಿಯ ಕರುಳಿನಿಂದ ತೆಗೆಯುವ ಈ ಮದ್ದನ್ನು ಸೂಜಿಯ ಮೂಲಕವೇ ಕೊಡಬೇಕು, ನುಂಗಿದರೆ ಫಲವಿಲ್ಲ.

ನುಂಗುವ ಮದ್ದು ಬಂದುದು ಹಟ್ಟಿಯಿಂದ. ೧೯೨೦ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೇರಿಕೆಯ ಬಯಲುಗಳಲ್ಲಿ ದನಗಳು ಸಣ್ಣ ಗಾಯಗಳಿಂದಲೂ ನೆತ್ತರು ಹರಿದು ಸಾಯತೊಡಗಿದುವು. ಕೋಡು ಕತ್ತರಿಸಿದರೆ ಸಾಕು, ರಕ್ತ ನಿಲ್ಲುತ್ತಿರಲಿಲ್ಲ. ಬೂಸಲು ಹಿಡಿದ ‘ಸ್ವೀಟ್ ಕ್ಲೋವರ್’ ಎಂಬ ಹುಲ್ಲೇ ಕಾರಣವೆಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಗುರುತಿಸಿದರು. ಒಳ್ಳೆಯ ಹುಲ್ಲಿಗೆ ಹಣ ಸಾಲದ ಬಡ ರೈತರು ಕೊಳೆತುದನ್ನೇ ತಿನ್ನಿಸುತ್ತಿದ್ದರು. ೧೯೩೩ರ ಫೆಬ್ರವರಿಯಲ್ಲಿ, ಹಿಮದ ಬಿರುಗಾಳಿಯಲ್ಲಿ, ವಿಸ್ಕಾನ್ಸಿನ್ ಪ್ರಾಂತದ ರೈತನೊಬ್ಬನು ಸತ್ತ ಕಡಸೊಂದನ್ನೂ, ಹಾಲಿನ ಪಾತ್ರೆಯ ತುಂಬ ಹೆಪ್ಪುಗಟ್ಟದ ನೆತ್ತರನ್ನೂ, ಕೊಳೆತ ಹುಲ್ಲಿನ ಹೊರೆಯನ್ನೂ ಗಾಡಿಯಲ್ಲಿ ಹೇರಿಕೊಂಡು ಬಹುದೂರ ಬಂದು, ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರ ಬಾಗಿಲನ್ನು ತಟ್ಟಿದನು. ಆ ರೈತನಿಗೆ ಅಂದು ಪರಿಹಾರ ದೊರೆಯಲಿಲ್ಲ. ಆದರೆ ಲಿಂಕ್ ಅವರ ಬಳಗವು ಪಟ್ಟುಬಿಡದೆ ಶ್ರಮಿಸಿ, ೧೯೩೯ರಲ್ಲಿ ಆ ಹುಲ್ಲಿನ ವಿಷವನ್ನು ಹರಳುಗಟ್ಟಿಸಿ ಬೇರ್ಪಡಿಸಿತು. ಅದೇ ಡೈಕೂಮರಾಲ್. ಅದರ ಇನ್ನೂ ತೀಕ್ಷ್ಣವಾದ ದಾಯಾದಿಯೇ ವಾರ್ಫರಿನ್. ೧೯೪೮ರಲ್ಲಿ ಅದು ಪೇಟೆಗೆ ಬಂದುದು ಮದ್ದಾಗಿ ಅಲ್ಲ, ಇಲಿಪಾಷಾಣವಾಗಿ.

ಇಲ್ಲಿ ನಮ್ಮ ಊರಿನ ತೆಂಗಿನ ಕೇಂದ್ರದ ಪ್ರಸ್ತಾಪ ಬರುತ್ತದೆ. ೧೯೭೦ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೆಂಬ ರೂಪವನ್ನು ತಾಳಿದ ಆ ಕೇಂದ್ರದ ಮುಂದಿದ್ದ ಸಮಸ್ಯೆಗಳಲ್ಲಿ ಎಳನೀರನ್ನು ಕೊರೆದು ಹಾಳುಗೆಡಹುವ ಇಲಿಯದೂ ಒಂದು. ಇಲಿಯು ಬಲು ಜಾಣಪ್ರಾಣಿ. ತಿಂದೊಡನೆ ಸಂಕಟ ಕೊಡುವ ವಿಷವನ್ನು ಮರುದಿನ ಮೂಸಿಯೂ ನೋಡದು. ಹೆಪ್ಪುರೋಧಕ ವಿಷವಾದರೋ ನಿಧಾನವಾಗಿ, ದಿನಗಳ ಬಳಿಕ ಕೆಲಸ ಮಾಡುತ್ತದೆ. ಆದುದರಿಂದ ಇಲಿಗೆ ಸಂಶಯವೇ ಹುಟ್ಟುವುದಿಲ್ಲ. ವಾರ್ಫರಿನ್ನಿನ ವಂಶದ ಬ್ರೋಮಡಯೋಲೋನ್ ಎಂಬ ವಿಷವನ್ನು ನೂರಕ್ಕೆ ೦.೦೦೫ರ ಪ್ರಮಾಣದಲ್ಲಿ ಮೇಣದ ಬಿಲ್ಲೆಗಳಾಗಿ ಮಾಡಿ, ಐದು ತೆಂಗಿನ ಮರಗಳಿಗೆ ಒಂದರಂತೆ ಮರದ ತಲೆಯಲ್ಲಿಡಬೇಕೆಂಬ ಸಲಹೆಯನ್ನು ನಮ್ಮ ಕೃಷಿಕರು ಬಲ್ಲರು. ತೆಂಗಿನ ತಲೆಯಲ್ಲಿ ಇಲಿಗಿಟ್ಟ ಬಿಲ್ಲೆಯೂ ಅಜ್ಜಿಯ ತಲೆದಿಂಬಿನ ಬಳಿಯ ಮಾತ್ರೆಯೂ ಒಂದೇ ಕುಲದವು. ಎರಡಕ್ಕೂ ನಡುವೆ ಇರುವ ಅಂತರವು ಅಳತೆಯದು. ಇದನ್ನು ತಿಳಿದವರು ಬಿಲ್ಲೆಗಳನ್ನು ಮಕ್ಕಳ, ದನಕರುಗಳ ಬಾಯಿಗೆ ಎಟುಕದಂತೆ ಇಡುವರು. ಮಾತ್ರೆಗಳನ್ನೂ ಎಣಿಸಿ ಕೊಡುವರು.

ಇಲಿಪಾಷಾಣವು ಮನುಷ್ಯನ ಮದ್ದಾದ ಬಗೆಯೂ ವಿಚಿತ್ರ. ೧೯೫೧ರಲ್ಲಿ ಅಮೇರಿಕೆಯ ಭೂಸೇನೆಗೆ ಸೇರಿದ ಯುವಕನೊಬ್ಬನು ಪ್ರಾಣ ಕಳೆದುಕೊಳ್ಳಲೆಂದು ಅದನ್ನು ಹಲವು ಬಾರಿ ತಿಂದನು. ಆದರೆ ‘ಕೆ’ ಜೀವಸತ್ತ್ವವನ್ನೂ ರಕ್ತವನ್ನೂ ಕೊಟ್ಟು ವೈದ್ಯರು ಅವನನ್ನು ಬದುಕಿಸಿದರು. ಹೆಪ್ಪಿಗೆ ಅಗತ್ಯವಾದ ಆ ಜೀವಸತ್ತ್ವವನ್ನು ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕಂಡುಹಿಡಿದಿದ್ದರು. ಅದಕ್ಕಾಗಿ ಅವರಿಗೆ ೧೯೪೩ರ ನೊಬೆಲ್ ಪಾರಿತೋಷಕವೂ ಸಂದಿತ್ತು. ವಾರ್ಫರಿನ್ ಆ ಜೀವಸತ್ತ್ವದ ಕೆಲಸವನ್ನೇ ತಡೆಯುವುದರಿಂದ ಅದೇ ಇದಕ್ಕೆ ಪ್ರತಿವಿಷ. ಪ್ರತಿವಿಷ ಕೈಯಲ್ಲಿದ್ದ ಮೇಲೆ ಧೈರ್ಯ ಬಂದಿತು. ೧೯೫೪ರಲ್ಲಿ ವಾರ್ಫರಿನ್ನಿಗೆ ಮದ್ದಾಗಿ ಒಪ್ಪಿಗೆ ದೊರೆಯಿತು. ೧೯೫೫ರಲ್ಲಿ ಹೃದಯಾಘಾತಕ್ಕೊಳಗಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನು ಕೊಡಲಾಯಿತು.

ಮದ್ದು ನಿಜವಾಗಿ ಪ್ರಾಣ ಉಳಿಸುವುದೇ ಎಂಬುದಕ್ಕೆ ಪ್ರಮಾಣವು ೧೯೬೦ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಿಂದ ಬಂದಿತು. ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ಶ್ವಾಸಕೋಶಕ್ಕೆ ಹೆಪ್ಪು ಸೇರಿದ ೩೫ ರೋಗಿಗಳನ್ನು ಎರಡು ಗುಂಪು ಮಾಡಿದರು. ಮದ್ದು ಪಡೆಯದ ೧೯ ಮಂದಿಯಲ್ಲಿ ಐವರು ಅದೇ ಕಾಯಿಲೆಯಿಂದ ತೀರಿಕೊಂಡರು. ಮದ್ದು ಪಡೆದ ೧೬ ಮಂದಿಯಲ್ಲಿ ಆ ಕಾಯಿಲೆಯಿಂದ ಸತ್ತವರು ಒಬ್ಬರೂ ಇಲ್ಲ. ಬರುವ ಮೊದಲೇ ತಡೆಯುವ ಉಪಾಯವನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಭಾರತೀಯ ಮೂಲದವರಾದ, ಲಂಡನ್ನಿನ ಶಸ್ತ್ರವೈದ್ಯ ವಿಜಯ್ ಕಕ್ಕರ್ ಅವರು ಪ್ರಮುಖರು. ೧೯೭೫ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ದೊಡ್ಡ ಶಸ್ತ್ರಕ್ರಿಯೆಗೊಳಗಾದ ೪೧೨೧ ರೋಗಿಗಳಿದ್ದರು. ಕಡಮೆ ಪ್ರಮಾಣದ ಹೆಪಾರಿನ್ ಪಡೆದವರಲ್ಲಿ ಶ್ವಾಸಕೋಶದ ಹೆಪ್ಪಿನಿಂದ ಸತ್ತವರು ೨, ಪಡೆಯದವರಲ್ಲಿ ೧೬. ಇಂದು ಸೊಂಟದ ಎಲುಬು ಮುರಿದು ಶಸ್ತ್ರಕ್ರಿಯೆಯಾದವರ ಹೊಟ್ಟೆಗೆ ದಾದಿಯು ಚುಚ್ಚುವ ಸಣ್ಣ ಸೂಜಿಯ ಹಿಂದೆ ಈ ಲೆಕ್ಕವಿದೆ.

ಇನ್ನು ನಮ್ಮ ಮನೆಯ ಮಾತು. ೨೦೨೦ರ ಶಿವರಾತ್ರಿಯ ಹೊತ್ತಿಗೆ ನಮ್ಮ ದೊಡ್ಡಮ್ಮ ಅಡಕೆಯಂಗಳದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಅನಂತರ ಎಡಗಾಲಿನಲ್ಲಿ ಹೆಪ್ಪು ಕಾಣಿಸಿದುದರಿಂದ, ವಾರ್ಫರಿನ್ನಿನ ಬಳಗದ ಅಸೆನೊಕೂಮರಾಲ್ ಮಾತ್ರೆಯನ್ನು ಬರೆದು, ನೆತ್ತರು ಪರೀಕ್ಷೆಗೆ ವಾರ ಬಿಟ್ಟು ಬರಹೇಳಿದರು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಎಂದಿತ್ತು. ಅದು ಎರಡು ಮಿಲಿಗ್ರಾಮಿನ ಒಂದು ಮಾತ್ರೆ ಎಂಬರ್ಥದ್ದು. ನಾವೋ ದಿನಕ್ಕೆ ಎರಡು ಮಾತ್ರೆಯೆಂದು ತಿಳಿದೆವು. ಪರೀಕ್ಷೆಯಾಗಿದ್ದರೆ ತಪ್ಪು ವಾರದೊಳಗೆ ಹೊರಬೀಳುತ್ತಿತ್ತು. ಆದರೆ ಅಷ್ಟರಲ್ಲಿ ಕೋವಿಡ್ ಮಾರಿ ಬಂದು, ಮಾರ್ಚ್ ತಿಂಗಳ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿತು. ಮಂಗಳೂರನ್ನೇ ನಂಬಿದ್ದ ರೋಗಿಗಳು ದಾರಿಯಲ್ಲಿ ಅಸುನೀಗಿದ ಸುದ್ದಿಯನ್ನು ಆ ದಿನಗಳಲ್ಲಿ ಓದಿ ಮರುಗದವರಿಲ್ಲ. ವಿಷಯವು ಕೇರಳದ ಉಚ್ಚ ನ್ಯಾಯಾಲಯಕ್ಕೂ ಸುಪ್ರೀಂ ಕೋರ್ಟಿಗೂ ಹೋಗಬೇಕಾಯಿತು. ನಮ್ಮ ದೊಡ್ಡಮ್ಮನ ಒಸಡಿನಲ್ಲಿ ರಕ್ತ ಒಸರತೊಡಗಿತು. ಮೈಮೇಲೆ ನೀಲಿ ಕಲೆಗಳೆದ್ದುವು. ಕಾಸರಗೋಡಿನ ವೈದ್ಯರೊಬ್ಬರು ಪರೀಕ್ಷಿಸಿ, “ಅಮ್ಮಾ, ದಿನಕ್ಕೆ ಎಷ್ಟು ಮಾತ್ರೆ ತೆಗೆದುಕೊಳ್ಳುತ್ತೀರಿ?” ಎಂದು ಕನ್ನಡದಲ್ಲಿ ಕೇಳಿದರು. ಆ ಒಂದು ಪ್ರಶ್ನೆಯಿಂದ ತಪ್ಪು ತಿಳಿಯಿತು. ಮಾತ್ರೆ ನಿಲ್ಲಿಸಿ ‘ಕೆ’ ಜೀವಸತ್ತ್ವವನ್ನು ಕೊಟ್ಟರು, ದೊಡ್ಡಮ್ಮ ಉಳಿದರು. ಚೀಟಿ ಬರೆದವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಕೇಳದೆ ತಿಳಿದೆವೆಂದುಕೊಂಡ ನಮ್ಮ ತಪ್ಪೂ ಅಷ್ಟೇ ದೊಡ್ಡದು.

ಆ ನೆತ್ತರ ಪರೀಕ್ಷೆಗೆ ‘ಐ.ಎನ್.ಆರ್.’ ಎಂದು ಹೆಸರು. ಒಂದೊಂದು ಪ್ರಯೋಗಶಾಲೆಯಲ್ಲಿ ಒಂದೊಂದು ಉತ್ತರ ಬರುತ್ತಿದ್ದುದನ್ನು ಸರಿಪಡಿಸಲು ವಿಶ್ವ ಆರೋಗ್ಯ ಸಂಸ್ಥೆಯು ೧೯೮೩ರಲ್ಲಿ ಈ ಏಕಮಾನವನ್ನು ಅಂಗೀಕರಿಸಿತು. ಮದ್ದಿಲ್ಲದವರಲ್ಲಿ ಇದು ಸುಮಾರು ೧. ಕಾಲಿನ ಹೆಪ್ಪಿಗೆ ಮದ್ದು ಸೇವಿಸುವವರಲ್ಲಿ ಸಾಮಾನ್ಯವಾಗಿ ೨ರಿಂದ ೩ರ ಒಳಗಿರಬೇಕು. ಕಡಮೆಯಾದರೆ ಹೆಪ್ಪಿನ ಭಯ, ಮೀರಿದರೆ ರಕ್ತಸ್ರಾವದ ಭಯ. ಇದಕ್ಕೂ ಅಡಿಗೆಮನೆಗೂ ಸಂಬಂಧವುಂಟು. ಹಸುರು ಸೊಪ್ಪಿನಲ್ಲಿ ‘ಕೆ’ ಜೀವಸತ್ತ್ವವು ಹೇರಳ. ವರ್ಷವಿಡೀ ಗಂಜಿಚಟ್ನಿಯಲ್ಲಿದ್ದವರು ಆಟಿ ತಿಂಗಳಲ್ಲಿ ಒಮ್ಮೆಲೇ ಪತ್ರೊಡೆ, ತಜಂಕು, ನುಗ್ಗೆಸೊಪ್ಪು, ಹರಿವೆಗಳನ್ನು ದಿನವೂ ಉಂಡರೆ ಮಾತ್ರೆಯ ಬಲ ಕುಗ್ಗುವುದು. ಸೊಪ್ಪನ್ನು ಬಿಡಬೇಕಾಗಿಲ್ಲ; ಪ್ರಮಾಣವನ್ನು ಸಮನಾಗಿರಿಸಿಕೊಂಡರೆ ಸಾಕು. ನೋವಿನ ಮಾತ್ರೆಗಳನ್ನೂ ಹೆಸರರಿಯದ ಚೂರ್ಣಗಳನ್ನೂ ವೈದ್ಯರಿಗೆ ತಿಳಿಸದೆ ಜತೆಗೂಡಿಸಬಾರದು.

ಕಾಲವು ಮುಂದೆ ಸಾಗಿದೆ. ರಿವರಾಕ್ಸಬಾನ್, ಎಪಿಕ್ಸಬಾನ್ ಮೊದಲಾದ ಹೊಸ ಮಾತ್ರೆಗಳು ೨೦೦೮ರಿಂದೀಚೆಗೆ ಬಂದಿವೆ. ಇವಕ್ಕೆ ಪದೇಪದೇ ನೆತ್ತರ ಪರೀಕ್ಷೆ ಬೇಡ, ಸೊಪ್ಪಿನ ಲೆಕ್ಕವೂ ಬೇಡ. ಆದರೆ ಹೃದಯಕ್ಕೆ ಲೋಹದ ಕವಾಟವನ್ನು ಜೋಡಿಸಿಕೊಂಡವರಿಗೆ ಇವು ಸಲ್ಲವು. ಅವರಿಗೆ ಹಳೆಯ ಮಾತ್ರೆಯೇ ಗತಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ಮುಂದಾಳುತನದಲ್ಲಿ ಸಿದ್ಧವಾಗಿ, ೧೯೯೦ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯ ಎದೆ ಸೇರಿದ ನಮ್ಮ ದೇಶದ ಕವಾಟಕ್ಕೂ ಈ ಮಾತು ಸಲ್ಲುತ್ತದೆ. ಮುಂದೆ ಮಣಿಪಾಲದಲ್ಲಿ ನೆಲೆಸಿ ೨೦೨೪ರಲ್ಲಿ ಅಗಲಿದ ಆ ಮಹನೀಯರ ಬದುಕೇ ಕೇರಳ ಕರ್ನಾಟಕಗಳನ್ನು ಜೋಡಿಸಿದ ಒಂದು ಸೇತುವೆ.

ನಮ್ಮ ಜಿಲ್ಲೆಯಲ್ಲಿಯೂ ೨೦೧೩ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನಲ್ಲಿ ೨೦೨೨ರಲ್ಲಿ ಹೊರರೋಗಿ ವಿಭಾಗವು ತೆರೆಯಿತು. ಇದು ಸಮಾಧಾನದ ಸಂಗತಿ. ಆದರೆ ಕಟ್ಟಡದಿಂದಲೇ ಎಲ್ಲವೂ ಆಗದು. ಮದ್ದಿನ ಅಳತೆಯನ್ನು ರೋಗಿಯ ಮನೆಮಾತಿನಲ್ಲಿ ಬರೆದುಕೊಡುವ ಒಂದು ಸಣ್ಣ ಪುಸ್ತಕವು ಎಷ್ಟೋ ಪ್ರಾಣಗಳನ್ನು ಉಳಿಸಬಲ್ಲದು. ಮಾತ್ರೆಯ ಹೆಸರು, ಅದರ ಮಿಲಿಗ್ರಾಂ, ದಿನಕ್ಕೆಷ್ಟು, ಮುಂದಿನ ಪರೀಕ್ಷೆ ಎಂದು ಎಂಬ ನಾಲ್ಕೇ ಅಂಕಣಗಳು ಸಾಕು. ಕನ್ನಡ ಬಲ್ಲ ತರುಣರು ಪ್ರತಿಯೊಂದು ಊರಿನಲ್ಲಿಯೂ ಇರುವರು. ನೆರೆಮನೆಯ ಹಿರಿಯರ ಚೀಟಿಯನ್ನು ಓದಿ, ವೈದ್ಯರಲ್ಲಿಯೋ ಔಷಧಾಲಯದಲ್ಲಿಯೋ ಕೇಳಿ ಖಚಿತಪಡಿಸಿಕೊಂಡು, ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿಕೊಟ್ಟರೆ ಅದೂ ಭಾಷಾಸೇವೆಯೇ. ನಮ್ಮ ದೊಡ್ಡಮ್ಮನ ಕೋಣೆಯ ಗೋಡೆಯಲ್ಲಿ ಅಂಥದೊಂದು ಹಾಳೆ ಇನ್ನೂ ಇದೆ; ಮಾತ್ರೆ ನಿಂತು ವರ್ಷಗಳಾದರೂ ಅದನ್ನು ತೆಗೆಯಗೊಡಲು ಅವರಿಗೆ ಮನಸ್ಸಿಲ್ಲ.