ಡಿಕಂಪೈಲರ್ ಮತ್ತು ಅದರ ಬೀಟಾ ಪರೀಕ್ಷೆ

ತಂತ್ರಾಂಶ ನಡೆಯುತ್ತಿದೆ, ಬರೆದವರು ಇಲ್ಲ, ಮೂಲ ಸಂಕೇತವೂ ಕಳೆದುಹೋಗಿದೆ. ಇಂತಹ ಕಚೇರಿಗೆ ಆಸರೆಯಾಗುವುದು ಡಿಕಂಪೈಲರ್: ಯಂತ್ರಕ್ಕಾಗಿ ಸಿದ್ಧಗೊಂಡ ರೂಪದಿಂದ ಓದಬಲ್ಲ ಸಂಕೇತವನ್ನು ಮರಳಿ ರಚಿಸುವ ಸಾಧನ. ಡಾಟ್‌ನೆಟ್ ಕ್ಷೇತ್ರದಲ್ಲಿ ಲುಟ್ಜ್ ರೋಡರ್ ರಚಿಸಿದ ರಿಫ್ಲೆಕ್ಟರ್ ಬಹುಕಾಲ ಉಚಿತವಾಗಿತ್ತು. 2008ರಲ್ಲಿ ಅದನ್ನು ಪಡೆದ ರೆಡ್ ಗೇಟ್ ಸಂಸ್ಥೆ 2011ರಲ್ಲಿ ಬೆಲೆ ನಿಗದಿಪಡಿಸಿತು. ಅದೇ ವರ್ಷ ಐಎಲ್‌ಸ್ಪೈ, ಡಾಟ್‌ಪೀಕ್ ಎಂಬ ಉಚಿತ ಸಾಧನಗಳು ಪರೀಕ್ಷಕರ ಕೈಸೇರಿದವು.

ಬೀಟಾ ಹಂತದಲ್ಲಿ ಪರೀಕ್ಷಕರು ತಾವೇ ಬರೆದ ಸಂಕೇತವನ್ನು ಕಂಪೈಲ್ ಮಾಡಿ ಡಿಕಂಪೈಲರಿಗೆ ಒಪ್ಪಿಸಿ, ಹೊರಬಂದುದನ್ನು ಪುನಃ ಕಂಪೈಲ್ ಮಾಡಿ ನಡೆಸುವುದು ಉತ್ತಮ ಕ್ರಮ. ಅಚ್ಚುಕಟ್ಟಾಗಿ ಕಂಡರೆ ಸಾಲದು, ಫಲಿತಾಂಶ ತಾಳೆಯಾಗಬೇಕು. (ಲೆಡ್ಜರಿನೊಡನೆ ಬಾಳಿದ ನಮಗೆ ಇದು ಹೊಸತೇನಲ್ಲ.) ಆದರೆ ಮೂಲ ಲೇಖಕರ ಟಿಪ್ಪಣಿಗಳನ್ನು ಕಂಪೈಲರ್ ಮೊದಲೇ ಕೈಬಿಟ್ಟಿರುತ್ತದೆ, ಅವು ಯಾವ ಡಿಕಂಪೈಲರಿನಿಂದಲೂ ಮರಳಿ ದೊರೆಯವು.